ಡಬ್ಬಿಯೊಳಗಿನ ಜಿಗಣೆ

ಡಾಕ್ಟರ್ ತಬಸ್ಸುಮ್ ಗಾಜಿನ ಬರಣಿಯ ಮುಚ್ಚಳ ತಿರುಗಿಸಿ ತೆಗೆದದ್ದೇ ತಡ, ಬೆಳಿಗ್ಗೆ ತಿಂದಿದ್ದ ಇಡ್ಲಿ ನಂದೀಶನ ಗಂಟಲಿನವರೆಗೆ ಬಂದು ನಿಂತಿತು. ಬರಣಿಯ ನೀರಿನಲ್ಲಿ ಬೆರಳುದ್ದದ ಒಂದು ಜಿಗಣೆ. ಪಾಚಿಯಂಥ ಕಪ್ಪು ಹಸಿರಿನ ಮೈ, ಬೆನ್ನ ಮೇಲೆ ತುಕ್ಕಿನ ಬಣ್ಣದ ಎರಡು ಗೆರೆ. ಅದು ನಿಧಾನವಾಗಿ ಸುರುಳಿ ಬಿಚ್ಚಿಕೊಂಡು, ಗಾಜಿಗೆ ಮೂತಿ ಒತ್ತಿ, ಅವನು ಕೂತಿದ್ದ ಕಡೆಗೇ ತಿರುಗಿತು.

“ನಿಮ್ಮ ಮೈ ಬಿಸಿ ಗೊತ್ತಾಗಿದೆ ಅದಕ್ಕೆ,” ಎಂದರು ಡಾಕ್ಟರ್. “ಒಳ್ಳೇದೇ. ಕೆಲವು ಬರೀ ಸೋಮಾರಿ ಇರ್ತಾವೆ.”

“ಇದನ್ನ ಹೊಟ್ಟೆ ಒಳಗೆ ಇಡ್ತೀರಾ ಮೇಡಂ?”

“ಒಳಗೆ ಯಾಕೆ? ಹೊಟ್ಟೆ ಮೇಲೆ ಕಚ್ಚಿಕೊಂಡು ಕೂತಿರತ್ತೆ. ಅದರ ಮೇಲೊಂದು ಡಬ್ಬಿ ಅಂಟಿಸ್ತೀವಿ. ಅಂಗಿ ಹಾಕಿದ್ರೆ ಯಾರಿಗೂ ಕಾಣಲ್ಲ.”

ಯಾರಿಗೂ ಕಾಣಲ್ಲ. ಡಾಕ್ಟರು ಅಂದು ಹೇಳಿದ ನೂರು ಮಾತಿನಲ್ಲಿ ನಂದೀಶ ಗಟ್ಟಿಯಾಗಿ ಹಿಡಿದುಕೊಂಡದ್ದು ಅದೊಂದನ್ನೇ.

ಅವನಿಗೆ ಮೂವತ್ತೆಂಟು ವರ್ಷ. ಮಂಡ್ಯದ ಸೀಮೆಯ ಒಂದು ಸಕ್ಕರೆ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಲೇ ಡಿಪ್ಲೊಮಾ ಮುಗಿಸಿ, ಪಾಕ ಕುದಿಸುವ ಪ್ಯಾನಿನ ಆಪರೇಟರ್ ಆಗಿದ್ದ. ಮಾಡಿದ ಕೆಲಸವನ್ನು ಎರಡು ಸಲ ನೋಡಿ, ಆಮೇಲೂ ಮನೆಗೆ ಬಂದು ಸರಿ ಮಾಡಿದೆನೋ ಇಲ್ಲವೋ ಎಂದು ಹೊರಳಾಡುವ ಮನುಷ್ಯ. ಅಂಥವನಿಗೆ ಕಾಯಿಲೆ ಬಂದ ಬಗೆಯೇ ಗೊತ್ತಾಗಲಿಲ್ಲ.

ಮೊದಲು ಬಾಯಾರಿಕೆ. ಕೊಡ ಎತ್ತಿ ಕುಡಿದರೂ ನಾಲಿಗೆ ತೊಗಲಿನಂತೆ ಒಣಗುತ್ತಿತ್ತು. ಕುಡಿದದ್ದೆಲ್ಲ ಗಳಿಗೆಗೊಮ್ಮೆ ಹೊರಗೆ ಹೋಗುತ್ತಿತ್ತು. ಬಚ್ಚಲ ಮೂಲೆಯಲ್ಲಿ ಇರುವೆಯ ಸಾಲು ಕಟ್ಟಿತು. ಅವನ ತಾಯಿ ಪುಟ್ಟತಾಯಮ್ಮ ಪೊರಕೆ ಹಿಡಿದು, “ಬೆಲ್ಲದ ನೀರು ಯಾರ್ಲಾ ಚೆಲ್ದೋರು ಇಲ್ಲಿ?” ಎಂದು ಕೇಳಿದಾಗ, ಅವನಿಗೆ ತನ್ನ ಮೈಯ ಮೇಲೇ ಹೇಸಿಗೆ ಹುಟ್ಟಿತು.

ಪೇಟೆಯ ಡಾಕ್ಟರು ರಕ್ತ ನೋಡಿ, ವಯಸ್ಸಾದವರಿಗೆ ಬರುವ ಸಕ್ಕರೆ ಕಾಯಿಲೆ ಸ್ವಲ್ಪ ಬೇಗ ಬಂದಿದೆ ಎಂದು ಮಾತ್ರೆ ಬರೆದರು. ನಂದೀಶ ಗಡಿಯಾರ ನೋಡಿ ಮಾತ್ರೆ ನುಂಗಿದ. ಅನ್ನ ಬಿಟ್ಟ. ಯಾರು ಏನು ಹೇಳಿದರೂ ಮಾಡಿದ: ಹಾಗಲಕಾಯಿ ರಸ, ಮೆಂತ್ಯದ ನೀರು, ಕಡೆಗೆ ಎದುರು ಮನೆಯವರು ಕೊಟ್ಟ ಯಾವುದೋ ತೊಗಟೆಯ ಕಷಾಯ. ಕೊಟ್ಟವರೆಲ್ಲ ಅವನನ್ನು ಮೇಲಿಂದ ಕೆಳಗೆ ನೋಡಿ, “ಸಿಹಿ ಜಾಸ್ತಿ ತಿಂತಿದ್ದೆ ಅನ್ಸತ್ತೆ” ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಹದಿನಾಲ್ಕು ಕೆಜಿ ಇಳಿದ. ಉಸಿರು ಕೊಳೆತ ಬಾಳೆಹಣ್ಣಿನಂತೆ ನಾರತೊಡಗಿತು. ಒಂದು ಮಧ್ಯಾಹ್ನ ಪ್ಯಾನಿನ ಕಟ್ಟೆಯ ಮೇಲೆಯೇ ಕುಸಿದ.

“ಇದು ತಿಂದು ಬಂದ ಕಾಯಿಲೆ ಅಲ್ಲ,” ಎಂದು ಮೊದಲು ಹೇಳಿದವರು ಡಾಕ್ಟರ್ ತಬಸ್ಸುಮ್ ಒಬ್ಬರೇ. “ಒಂದನೇ ಬಗೆಯ ಮಧುಮೇಹ. ರೋಗದ ಮೇಲೆ ಬೀಳಬೇಕಾದ ನಿಮ್ಮ ರಕ್ತದ ಕಣಗಳು, ಇನ್ಸುಲಿನ್ ಮಾಡೋ ಜೀವಕೋಶಗಳ ಮೇಲೆ ಬಿದ್ದು ಸಾಯಿಸಿಬಿಟ್ಟಿವೆ. ಮಾತ್ರೆ ನುಂಗಿದ್ರೆ ಸತ್ತವು ಎದ್ದು ಬರಲ್ಲ. ಮಕ್ಕಳಿಗೆ ಮಾತ್ರ ಬರತ್ತೆ ಅಂತ ಜನ ತಿಳ್ಕೊಂಡಿದಾರೆ, ಡಾಕ್ಟರುಗಳೂ ತಿಳ್ಕೊಂಡಿದಾರೆ. ಹಂಗೇನಿಲ್ಲ. ಇನ್ನು ಇನ್ಸುಲಿನ್ ಹೊರಗಿಂದಲೇ ಬರಬೇಕು. ಜೀವ ಇರೋವರೆಗೆ.”

ಸೀಸೆಯ ಇನ್ಸುಲಿನ್ ಇನ್ನೂ ಇತ್ತು. ಆದರೆ ಮಾರ್ಚಿನಲ್ಲೇ ಬಿಸಿಲು ನಲವತ್ತಾರು ಡಿಗ್ರಿ ಮುಟ್ಟುವ ಕಾಲ ಬಂದಿತ್ತು. ಕರೆಂಟು ದಿನಕ್ಕೆ ಆರು ಗಂಟೆ. ತಣ್ಣನೆಯ ಪೆಟ್ಟಿಗೆಯಿಂದ ಹೊರಬಂದ ಸೀಸೆ ಊರು ಮುಟ್ಟುವ ಮೊದಲೇ ಕೆಡುತ್ತಿತ್ತು. ಉಳಿದ ಅಷ್ಟಿಷ್ಟನ್ನು ಆಸ್ಪತ್ರೆಗಳು ಮಕ್ಕಳಿಗಾಗಿ ಎತ್ತಿಡುತ್ತಿದ್ದವು. ಕೆಡದ ಸೀಸೆಯನ್ನು ಹುಡುಕುತ್ತ ಹೋದ ವಿಜ್ಞಾನಿಗಳಿಗೆ ಸಿಕ್ಕಿದ್ದು ಈ ಪ್ರಾಣಿ. ಕಚ್ಚಿದಾಗ ರಕ್ತ ಹೆಪ್ಪುಗಟ್ಟದಂತೆ, ಕಚ್ಚಿಸಿಕೊಂಡವನಿಗೆ ನೋವಾಗದಂತೆ ಜಿಗಣೆ ತನ್ನ ಜೊಲ್ಲಿನಲ್ಲಿ ಏನೇನನ್ನೋ ಬಿಡುತ್ತದೆ. ಆ ಜೊಲ್ಲಿನ ಗ್ರಂಥಿಗೆ ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಕಸಿ ಮಾಡಿದರು. ಅದು ದಿನವಿಡೀ ಇನ್ಸುಲಿನ್ ಮಾಡಿ ತನ್ನ ಹೊಟ್ಟೆಯ ಪಕ್ಕದ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ಹೀರುವ ರಕ್ತದಲ್ಲಿ ಸಕ್ಕರೆ ಏರಿದರೆ ಅಷ್ಟಷ್ಟೇ ವಾಪಸ್ಸು ಬಿಡುತ್ತದೆ. ಒಂದು ಜಿಗಣೆ ಐದು ತಿಂಗಳು ಬರುತ್ತದೆ. ಆಮೇಲೆ ಇನ್ನೊಂದು.

ಅಂಟಿಸಿದ ಮೇಲೆ ಡಾಕ್ಟರು ಒಂದು ಹಾಳೆ ಕೊಟ್ಟರು. ಉಪ್ಪು, ಸುಣ್ಣ, ಹೊಗೆಸೊಪ್ಪು, ಬೆಂಕಿ, ಈ ನಾಲ್ಕು ತಾಗಬಾರದು. ತಾಗಿದರೆ ಜಿಗಣೆ ಕಚ್ಚು ಬಿಡುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಗಾಯದೊಳಕ್ಕೆ ಕಕ್ಕುತ್ತದೆ. ಎರಡು ದಿನದ ಇನ್ಸುಲಿನ್ ಒಂದೇ ಗಳಿಗೆಯಲ್ಲಿ ಮೈಗೆ ಸೇರಿ, ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತಾಗುತ್ತದೆ. ಮನೆಯಲ್ಲಿರುವ ದೊಡ್ಡವರೆಲ್ಲ ಇದನ್ನು ಓದಿ, ಕೆಳಗೆ ಸಹಿ ಹಾಕಬೇಕು.

ನಂದೀಶ ಹಾಳೆಯನ್ನು ಹನ್ನೊಂದು ಸಲ ಓದಿದ. ಹೆಂಡತಿ ಸುಕನ್ಯಳಿಂದ ಸಹಿ ಮಾಡಿಸಿದ. ಮೂರನೆಯ ಗೆರೆಯ ಮೇಲೆ, ನಿಧಾನವಾಗಿ, ಅಕ್ಷರ ಸ್ವಲ್ಪ ಸೊಟ್ಟ ಮಾಡಿ, ತಾನೇ ‘ಪುಟ್ಟತಾಯಮ್ಮ’ ಎಂದು ಬರೆದ. ಹಾಳೆಯ ನಕಲನ್ನು ಟ್ರಂಕಿನ ತಳದಲ್ಲಿಟ್ಟ.

“ಅತ್ತೆಗೆ ಹೇಳಿಬಿಡ್ರೀ,” ಎಂದಳು ಸುಕನ್ಯ.

“ಹೇಳಿದ್ರೆ ಬೀದಿಗೆಲ್ಲ ಗೊತ್ತಾಗತ್ತೆ. ಗದ್ದೆಯಲ್ಲಿ ಎಮ್ಮೆ ಕೆಚ್ಚಲಿಗೆ ಹತ್ತೋ ಹುಳ ಅದು. ಅದರ ಎಂಜಲಲ್ಲಿ ನಾನು ಬದುಕ್ತಾ ಇದ್ದೀನಿ ಅಂತ ಹೆಂಗೆ ಹೇಳ್ಲಿ?”

ಸುಕನ್ಯ ಒಳಗೆ ಹೋದಳು. ಅವಳಿಗೂ ಅದು ಮುಚ್ಚಿರುವುದೇ ಬೇಕಿತ್ತೇನೋ. ಡಬ್ಬಿ ಬಂದ ದಿನದಿಂದ ಅವಳು ಮಗಳ ಪಕ್ಕದಲ್ಲಿ ಮಲಗುತ್ತಿದ್ದಳು. ನಂದೀಶ ಯಾಕೆಂದು ಕೇಳಿರಲಿಲ್ಲ. ತನ್ನ ಪಕ್ಕದಲ್ಲಿ ಮಲಗುವ ಆಯ್ಕೆ ತನಗಿದ್ದಿದ್ದರೆ ತಾನೂ ಮಲಗುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅವ್ವನಿಗೆ ಅದು ಮಿಷಿನ್ನು ಎಂದು ಹೇಳಿದ. ಪುಟ್ಟತಾಯಮ್ಮ ಅಂಗಿಯ ಮೇಲಿಂದಲೇ ಬೆರಳಿನಿಂದ ತಟ್ಟಿ ನೋಡಿದಳು.

“ಕರೆಂಟ್ ಹೊಡೆಯಾಕಿಲ್ವೇನ್ಲಾ?”

“ಇಲ್ಲ ಕಣವ್ವ.”

“ಸದ್ದೇ ಮಾಡಾಕಿಲ್ಲ. ಒಳ್ಳೆ ಕಂಪ್ನೀದೇ ಕೊಟ್ಟವ್ರೆ,” ಎಂದು ಸಂತೋಷಪಟ್ಟು, ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಸವರಿಕೊಂಡಳು.

ಸದ್ದು ಇರಲಿಲ್ಲ ನಿಜ. ಅಲುಗಾಟ ಇತ್ತು. ಉಂಡ ಹತ್ತು ನಿಮಿಷಕ್ಕೆ ಡಬ್ಬಿಯೊಳಗೆ ಅದು ಎಚ್ಚರಗೊಳ್ಳುತ್ತಿತ್ತು. ಚರ್ಮದ ಮೇಲೆ ತಣ್ಣನೆಯ, ಒದ್ದೆಯಾದ ಒಂದು ನುಲಿತ. ಹಿಂದೆಯೇ ಹೀರುವಾಗಿನ ಸಣ್ಣ ಸಣ್ಣ ತುಡಿತ. ನಂದೀಶ ಬಾಯಲ್ಲಿದ್ದ ತುತ್ತನ್ನು ಅಗಿಯುವುದು ನಿಲ್ಲಿಸುತ್ತಿದ್ದ. ತಾನು ಉಣ್ಣುತ್ತಿರುವುದು ಯಾರಿಗಾಗಿ ಎಂಬ ಅನುಮಾನ ಬಂದು, ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದ. ವಾರಕ್ಕೊಮ್ಮೆ ಡಬ್ಬಿಯ ಕಿಟಕಿ ತೆಗೆದು ನೋಡಬೇಕಿತ್ತು. ಹೀರಿ ಹೀರಿ ಅದು ಹೊಳಪೇರಿತ್ತು. ಅದರ ಸುತ್ತಲಿನ ಲೋಳೆಯನ್ನು ಹತ್ತಿಯಲ್ಲಿ ಒರೆಸಿ, ಆ ಹತ್ತಿಯನ್ನು ಮೂರು ಕಾಗದದಲ್ಲಿ ಸುತ್ತಿ ಎಸೆದು, ಕೈಯನ್ನು ಮೂರು ಸಲ ಸೋಪಿನಲ್ಲಿ ತೊಳೆಯುತ್ತಿದ್ದ. ಇಷ್ಟಾದರೂ ಮೈಯಲ್ಲಿ ಕಸುವು ಬಂತು. ಇರುವೆಗಳು ಬಚ್ಚಲು ಬಿಟ್ಟವು. ಬಾಯಾರಿಕೆ ಹೋಯಿತು. ಅದಕ್ಕೆ ಕೃತಜ್ಞನಾಗಬೇಕು ಎಂದು ಅವನು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಅಸಹ್ಯ ಹೆಚ್ಚುತ್ತಿತ್ತು.

ಕಾರ್ಖಾನೆಗೆ ಮರಳಿದಾಗ ಶಿಫ್ಟಿನ ಮೇಲ್ವಿಚಾರಕ ಕರೀಗೌಡರು ಕಂಟ್ರೋಲ್ ರೂಮಿನಲ್ಲಿ ಚಹಾ ಹಿಡಿದು ಕೂತಿದ್ದರು.

“ಏನಪ್ಪ ನಂದೀಶ, ಇಪ್ಪತ್ತು ವರ್ಷ ಸಕ್ಕರೆ ಬಾಯಿಗೆ ಹಾಕ್ಕೊಂಡಿದ್ದು ಸಾಲ್ದು ಅಂತ ರಕ್ತಕ್ಕೂ ಬಿಟ್ಕೊಂಡ್ಯಾ?”

“ತಿಂದು ಬರೋದಲ್ಲಂತೆ ಸಾರ್ ಇದು.”

“ಹಂಗೇ ಹೇಳ್ಬೇಕು. ನಮ್ಮ ಭಾವನೂ ಹಂಗೇ ಹೇಳ್ತಿದ್ದ.”

ಗೋಡೆಯ ಪರದೆಯ ಮೇಲೆ ಒಂಬತ್ತು ಪ್ಯಾನುಗಳ ಬಿಸಿ, ಒತ್ತಡ, ಪಾಕದ ಸಾಂದ್ರತೆ ಎಲ್ಲ ಓಡುತ್ತಿದ್ದವು. ಆದರೂ ಹರಳು ಕಟ್ಟುವ ಗಳಿಗೆಯನ್ನು ಆ ಕಾರ್ಖಾನೆಯಲ್ಲಿ ಪರದೆಗೆ ಬಿಡುತ್ತಿರಲಿಲ್ಲ. ನಂದೀಶ ಕಟ್ಟೆ ಹತ್ತಿ, ಪ್ಯಾನಿನ ಹೊಟ್ಟೆಗೆ ಚುಚ್ಚಿರುವ ಹಿತ್ತಾಳೆ ಸರಳನ್ನು ಎಳೆದು, ಗಾಜಿನ ಚೂರಿನ ಮೇಲೆ ಪಾಕ ಸವರಿ, ಬೆಳಕಿಗೆ ಹಿಡಿದು ಹರಳಿನ ಗಾತ್ರ ನೋಡುತ್ತಿದ್ದ. ಆ ದಿನ ಸರಳು ಎಳೆದಾಗ, ಬಿಸಿಪಾಕದ ಕಂದು ನೂಲು ಅದರ ತುದಿಯಿಂದ ಜೋತಾಡಿತು. ಪ್ಯಾನಿನ ಹೊಟ್ಟೆಯಿಂದ ಹೀರಿ ತೆಗೆದ ಹಾಗೆ. ಅವನು ಸರಳನ್ನು ಸ್ವಸ್ಥಾನಕ್ಕೆ ತಳ್ಳಿ, ಕಂಬದ ಹಿಂದೆ ಹೋಗಿ, ಸಕ್ಕರೆ ತೆಗೆದುಳಿದ ಕಾಕಂಬಿ ಹರಿಯುವ ಕಾಲುವೆಗೆ ವಾಂತಿ ಮಾಡಿದ. ಅದರ ಮೇಲೆ ನೊಣಗಳು ಬಂದು ಕೂತವು. ಬಾಯಿ ತೊಳೆದು ಬಂದು ಹರಳು ಸರಿಯಿದೆಯೇ ಎಂದು ಎರಡನೇ ಸಲ ನೋಡಿದ. ಸರಿಯಿತ್ತು.

ಹೀಗೆ ಆರು ವಾರ ಕಳೆಯಿತು. ಯುಗಾದಿ ಬಂತು.

ಯುಗಾದಿಯ ದಿನ ಮಗನಿಗೆ ಎಣ್ಣೆ ಒತ್ತಿ ನೀರು ಹಾಕುವುದು ಪುಟ್ಟತಾಯಮ್ಮ ಅವನು ಹುಟ್ಟಿದ ವರ್ಷದಿಂದ ತಪ್ಪಿಸದೆ ಮಾಡಿಕೊಂಡು ಬಂದ ಕೆಲಸ. ಮದುವೆಯಾಗಲಿ, ಮಗಳು ಹುಟ್ಟಲಿ, ಅದೊಂದು ನಿಂತಿರಲಿಲ್ಲ.

“ಈ ಸಲ ತಲೆಗೆ ಮಾತ್ರ ಸಾಕವ್ವ,” ಎಂದ ನಂದೀಶ.

“ತಲೆಗೆ ಮಾತ್ರ ಯಾಕ್ಲಾ? ಮೈಯೆಲ್ಲ ಒಣಗಿ ಹೆಂಗಾಗದೆ ನೋಡ್ಕೊ. ಬನೀನು ಬಿಚ್ಚು. ನಾನೇನು ನೋಡದ್ದಾ?”

“ಮಿಷಿನ್ ಅದೆ.”

“ಅದರ ತಂಟೆಗೆ ಹೋಗಾಕಿಲ್ಲ ಬಿಡು.”

ಬನಿಯನ್ ಬಿಚ್ಚಿ, ಟವೆಲನ್ನು ಡಬ್ಬಿ ಮುಚ್ಚುವಷ್ಟು ಮೇಲೆತ್ತಿ ಬಿಗಿದು, ಬಚ್ಚಲಿನ ಮಣೆಯ ಮೇಲೆ ಕೂತ. ಬಿಸಿ ಹರಳೆಣ್ಣೆ ನೆತ್ತಿಯಿಂದ ಕಿವಿಗೆ, ಕತ್ತಿಗೆ, ಬೆನ್ನಿಗೆ ಇಳಿಯಿತು. ಅವ್ವನ ಒರಟು ಅಂಗೈ ಪಕ್ಕೆಲುಬಿನ ಮೇಲೆ ಓಡಾಡಿತು. ಎಷ್ಟೋ ವಾರದಿಂದ ಅವನನ್ನು ಯಾರೂ ಮುಟ್ಟಿರಲಿಲ್ಲ. ಮೈ ಸಡಿಲವಾಯಿತು. ಹಾಳೆಯಲ್ಲಿ ಎಣ್ಣೆಯ ಬಗ್ಗೆ ಏನಾದರೂ ಬರೆದಿತ್ತೇ ಎಂದು ನೆನೆಸಿಕೊಳ್ಳುವಷ್ಟರಲ್ಲಿ ಸೀಗೇಪುಡಿ ಕಣ್ಣಿಗಿಳಿದು ಕಣ್ಣು ಮುಚ್ಚಿಕೊಂಡ.

ಆಗ ಹೊಕ್ಕುಳಿನ ಎಡಕ್ಕೆ ಸುರ್ರೆಂದು ಉರಿಯಿತು.

“ಏನವ್ವ ಅದು?”

“ಏನಿಲ್ಲ, ಸೀಗೇಕಾಯಿ ಉರಿ. ಕಣ್ ಬಿಡಬ್ಯಾಡ,” ಎಂದಳು ಅವಳು, ಮಗುವಿಗೆ ಹೇಳುವ ದನಿಯಲ್ಲಿ. ಹಿಂದೆಯೇ ಚೊಂಬಿನ ಮೇಲೆ ಚೊಂಬು, ಹಂಡೆಯ ಸುಡು ನೀರು ಹೊಟ್ಟೆಯ ಮೇಲೆ ಬಿತ್ತು.

ಸ್ನಾನ ಮುಗಿಸಿ, ಪದ್ಧತಿಯಂತೆ ಬೆವರು ಬಿಡಿಸಲು ಅವನನ್ನು ಚಾಪೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದಳು. ನಂದೀಶ ಬೆವೆತ. ಕೈ ನಡುಗಿತು. ಎದೆ ಡವಡವ ಎಂದಿತು. ಎಣ್ಣೆ ನೀರಿನ ಆಯಾಸ ಎಂದುಕೊಂಡ. ಪ್ರತಿ ವರ್ಷವೂ ಹೀಗೇ ಆಗುತ್ತಿತ್ತಲ್ಲ. ಕಂಬಳಿಯ ಒಳಗೆ ಸುಮ್ಮನೆ ಕೈ ಹೊಟ್ಟೆಯ ಮೇಲೆ ಹೋಯಿತು. ಡಬ್ಬಿ ಇರಲಿಲ್ಲ. ಅದಿದ್ದ ಕಡೆ ಬೆರಳಿಗೆ ಸಿಕ್ಕಿದ್ದು ಬೆಚ್ಚನೆಯ, ಜಿನುಗುವ ಒಂದು ಸಣ್ಣ ತೂತು.

ಅವನಿಗೆ ಎಲ್ಲ ಅರ್ಥವಾಯಿತು. ಹಾಳೆಯ ಅಕ್ಷರಗಳು ಕೂಡ ಕಣ್ಣ ಮುಂದೆ ಬಂದವು. ಸುಕನ್ಯ ಎಂದು ಕೂಗಬೇಕೆಂದು ಬಾಯಿ ತೆರೆದ.

“ಸರಳು ಎಳೀರಿ,” ಎಂದಿತು ಬಾಯಿ. “ಸರಳು ಎಳೀರಿ, ಪಾಕ ಗಟ್ಟಿಯಾಗ್ತದೆ.”

ಅಡುಗೆಮನೆಯ ಬಾಗಿಲಲ್ಲಿ ಪುಟ್ಟತಾಯಮ್ಮ ಸೊಸೆಗೆ ಹೇಳುತ್ತಿದ್ದದ್ದು ಬಹಳ ದೂರದಿಂದ ಕೇಳಿಸುತ್ತಿತ್ತು.

“ಎಷ್ಟು ಗಾತ್ರ ಇತ್ತು ಅಂತೀಯ. ಎಣ್ಣೆಗೆ ಅಂಟು ಬಿಟ್ಟು ಮಿಷಿನ್ನು ಕೈಗೇ ಬಂತು, ನೋಡಿದ್ರೆ ಅದರ ಅಡೀಲಿ ಸೇರ್ಕಂಡಿತ್ತು ಮುಂಡೇದು. ನಾಲೆ ನೀರಲ್ಲಿ ಬಂದಿರ್ಬೇಕು. ಅವನಿಗೆ ಹುಡುಗನಾಗಿದ್ದಾಗಿಂದ ಜಿಗಣೆ ಕಂಡ್ರೆ ಪ್ರಾಣ ಹೋಯ್ತದೆ, ಅದಕ್ಕೇ ಉಸುರಲಿಲ್ಲ. ಸೊಂಟದಿಂದ ಒಂದ್ ಚೂರು ಸುಣ್ಣ ತೆಗ್ದು ಇಟ್ಟೆ ನೋಡು, ಬುಳಬುಳ ಅಂತ ಕಕ್ಕೊಂಡು ಬಿತ್ತು. ಮಿಷಿನ್ನು ನೆನೀಬಾರ್ದು ಅಂತ ಗೂಡಲ್ಲಿ ಎತ್ತಿಟ್ಟಿವ್ನಿ.”

ಏನೋ ನೆಲಕ್ಕೆ ಬಿದ್ದ ಸದ್ದು. ಸುಕನ್ಯ ಬಚ್ಚಲಿಗೆ ಓಡಿದಳು. ಮೋರಿಯ ಬಾಯಲ್ಲಿ, ಸುಣ್ಣ ಮೆತ್ತಿಕೊಂಡು ಬೆಳ್ಳಗಾದ ಆ ಪ್ರಾಣಿ ಗಂಟುಹಾಕಿಕೊಂಡು ಬಿದ್ದಿತ್ತು.

ಮುಂದಿನದು ನಂದೀಶನಿಗೆ ತುಂಡು ತುಂಡಾಗಿ ನೆನಪಿದೆ. ಕಂಬಳಿ ಕಿತ್ತು ಎಸೆದದ್ದು. “ಅತ್ತೆ, ಸಿಹಿ ತನ್ನಿ, ಏನಾದ್ರೂ ತನ್ನಿ” ಎಂಬ ಕಿರುಚು. ದೇವರ ಮುಂದಿನ ಬೇವು ಬೆಲ್ಲದ ತಟ್ಟೆ. ಅವ್ವ ಬೆಲ್ಲವನ್ನು ಬೆರಳಲ್ಲಿ ನುರಿದು ಅವನ ವಸಡಿಗೆ ಉಜ್ಜುತ್ತಿದ್ದಳು. ಆರಿಸಲು ವ್ಯವಧಾನವಿಲ್ಲದೆ ಬೇವಿನ ಹೂವೂ ಎಲೆಯೂ ಬೆಲ್ಲದ ಜೊತೆಗೆ ಬಾಯಿಗೆ ಹೋಗುತ್ತಿದ್ದವು. ಅವಳ ಬೆರಳಿಗೆ ಇನ್ನೂ ಸುಣ್ಣದ, ಎಲೆಯಡಿಕೆಯ ವಾಸನೆಯಿತ್ತು. ನುಂಗಿದ. ಮತ್ತೆ ನುಂಗಿದ. ಪಕ್ಕದ ಮನೆಯವರ ಕಾರಿನ ಹಿಂದಿನ ಸೀಟು. ತೋಳಿಗೆ ಗ್ಲೂಕೋಸ್ ಹನಿ.

ಸಂಜೆಗೆ ಪೂರ್ತಿ ಎಚ್ಚರವಾದಾಗ, ಮಂಚದ ಒಂದು ಕಡೆ ಸುಕನ್ಯ, ಇನ್ನೊಂದು ಕಡೆ ಅವ್ವ. ಡಾಕ್ಟರ್ ತಬಸ್ಸುಮ್ ಕೈಯಲ್ಲಿ ಸಹಿಯ ಹಾಳೆ.

“ಇದು ನಿಮ್ಮ ಸಹೀನಾ ಅಮ್ಮ?”

ಪುಟ್ಟತಾಯಮ್ಮ ಕಾಗದವನ್ನು ದೂರ ಹಿಡಿದು ನೋಡಿದಳು. “ನಾನು ‘ಟ್ಟ’ ಹಿಂಗೆ ಬರೆಯಾಕಿಲ್ಲ. ಇದು ನನ್ ಮಗಂದು.” ಆಮೇಲೆ ಮಗನ ಕಡೆ ತಿರುಗಿದಳು. “ನಂಗ್ಯಾಕ್ಲಾ ಹೇಳ್ಲಿಲ್ಲ?”

ನಂದೀಶ ಸೂರು ನೋಡಿದ. “ನೀನು ಅಸಹ್ಯ ಪಟ್ಕೊಂಡೀಯ ಅಂತ.”

ಅವಳು ಕಾಗದವನ್ನು ಮಂಚದ ಮೇಲಿಟ್ಟಳು.

ಡಾಕ್ಟರು ಹೊಸ ಬರಣಿ ತಂದಿದ್ದರು. ಅವನ ರಕ್ತಕ್ಕೆ ಹೊಂದುವಂತೆ ಬೆಳೆಸಿದ ಇನ್ನೊಂದು ಜಿಗಣೆ, ಇದ್ದದ್ದು ಅದೊಂದೇ. ಮತ್ತೊಂದು ತಯಾರಾಗಲು ಎಂಟು ವಾರ ಬೇಕು. ಆಸ್ಪತ್ರೆಯ ಸೀಸೆಯಲ್ಲಿ ಅವನ ಪಾಲಿಗೆ ಕೊಡಬಹುದಾದದ್ದು ನಾಳೆಯವರೆಗೆ ಮಾತ್ರ. ಚಿಮಟದಲ್ಲಿ ಹಿಡಿದು ಹೊಟ್ಟೆಯ ಬಲಗಡೆಗೆ ಬಿಟ್ಟರು. ಅದು ಮೂತಿ ಮುಟ್ಟಿಸಿ, ಹಿಂದೆ ಸರಿದು, ಅಂಚಿಗೆ ತೆವಳಿತು. ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಬಿಟ್ಟರು. ಮತ್ತೆ ಸರಿಯಿತು. ನಾಲ್ಕನೆಯ ಸಲಕ್ಕೆ ಡಾಕ್ಟರ ಹಣೆಯ ಮೇಲೆ ಬೆವರು ಕಾಣಿಸಿತು.

“ಕಚ್ಚದಿದ್ರೆ?” ಎಂದಳು ಸುಕನ್ಯ.

ಡಾಕ್ಟರು ಜಿಗಣೆಯನ್ನು ಬರಣಿಗೇ ವಾಪಸ್ಸು ಹಾಕಿದರು. ನಂದೀಶನಿಗೆ ನಾಚಿಕೆಯಾಗುವಂಥದ್ದೊಂದು ಒಳಗೆ ಆಯಿತು: ಕಚ್ಚದಿರಲಿ ಎಂದು ಮನಸ್ಸಿನ ಒಂದು ಮೂಲೆ ಹಾರೈಸುತ್ತಿತ್ತು.

“ಹಂಗೆಲ್ಲ ಕಚ್ಚಾಕಿಲ್ಲ ಅದು,” ಎಂದು ಪುಟ್ಟತಾಯಮ್ಮ ಎದ್ದಳು. “ಮೈಯೆಲ್ಲ ಎಣ್ಣೆ, ಸೀಗೇಕಾಯಿ, ಸುಣ್ಣ, ಮೇಲೆ ನಿಮ್ಮ ಔಷಧಿ ಘಾಟು. ಆ ವಾಸ್ನೆಗೆ ನಾನೇ ಕಚ್ಚಾಕಿಲ್ಲ. ಬಿಸಿನೀರು ಕೊಡವ್ವ ಸುಕನ್ಯ. ಒಂದ್ ಚೂರು ಸಕ್ಕರೆ. ಮೊದ್ಲು ನನ್ ಕೈಗೆ ಸೋಪು ಕೊಡು.”

ಅವಳು ಕೈಯನ್ನು ಮೊಣಕೈವರೆಗೆ ಉಜ್ಜಿ ತೊಳೆದು, ಬರೀ ನೀರಿನಲ್ಲಿ ಹತ್ತು ಸಲ ಗಲಬರಿಸಿದಳು. ಬಿಸಿ ಬಟ್ಟೆಯಿಂದ ಮಗನ ಹೊಟ್ಟೆಯನ್ನು ಚರ್ಮ ಕೆಂಪಾಗುವವರೆಗೆ ಒರೆಸಿದಳು. ಸಕ್ಕರೆ ನೀರಿನ ಒಂದೇ ಒಂದು ಹನಿ ಇಟ್ಟಳು. ಆಮೇಲೆ ಬರಣಿಗೆ ಕೈ ಹಾಕಿ, ಜಿಗಣೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. ಅದು ಅವಳ ಉಂಗುರ ಬೆರಳಿಗೆ ಸುತ್ತಿಕೊಂಡಿತು.

“ನಂಗೆ ಕಚ್ಚಬ್ಯಾಡ ಮಾರಾಯ. ಎಷ್ಟು ದಿನದಿಂದ ಹೊಟ್ಟೆಗಿಲ್ಲ ಇದಕ್ಕೆ?”

“ಆರು ವಾರ,” ಎಂದರು ಡಾಕ್ಟರು. “ಹಸಿವಿರಲಿ ಅಂತ.”

ಪುಟ್ಟತಾಯಮ್ಮ ಅದನ್ನು ಹನಿಯ ಮೇಲೆ ಬಿಟ್ಟು, ಅಂಗೈಯನ್ನು ಗೂಡಿನಂತೆ ಮುಚ್ಚಿ ಹಿಡಿದಳು. ಕರೆಂಟಿಲ್ಲದೆ ಕೋಣೆಯ ಫ್ಯಾನು ನಿಂತಿತ್ತು. ನಂದೀಶ ಕಣ್ಣು ಮುಚ್ಚಿದ.

“ಗದ್ದೇಲಿ ದಿನಕ್ಕೆ ಹತ್ತು ಕಿತ್ತು ಹಾಕಿವ್ನಿ ಇದರ ವಂಶದ್ದ,” ಎಂದಳು ಅವಳು, ಅಂಗೈ ಅಲುಗಿಸದೆ. “ನಂಗೆ ಅಸಹ್ಯ ಅಂತೀಯ. ನೀನು ಹುಟ್ಟಿದಾಗ ಇದಕ್ಕಿಂತ ಲೋಳೆಲೋಳೆಯಾಗಿದ್ದೆ. ಸೂಲಗಿತ್ತಿ ಎತ್ತಿ ಎದೆ ಮೇಲೆ ಹಾಕಿದ್ಲು. ಅವಾಗ ನನ್ನ ಯಾರಾದ್ರೂ ಕೇಳಿದ್ರಾ, ಅಸಹ್ಯ ಆಯ್ತದಾ ಅಂತ?”

ಚುಚ್ಚಿತು. ಮೂರು ಸಣ್ಣ ಹಲ್ಲಿನ, ಸೂಜಿಯ ತುದಿಯಷ್ಟು ನೋವು. ಅದೂ ಕೂಡಲೇ ಮರಗಟ್ಟಿ ಹೋಯಿತು. ಹಿಂದೆಯೇ ಆ ತುಡಿತ ಶುರುವಾಯಿತು. ಡಾಕ್ಟರು ದೊಡ್ಡದಾಗಿ ಉಸಿರು ಬಿಟ್ಟು ಡಬ್ಬಿ ಎತ್ತಿಕೊಂಡರು. ಪುಟ್ಟತಾಯಮ್ಮ ಪೆನ್ನು ಕೇಳಿ ತೆಗೆದುಕೊಂಡು, ಮಗನ ಕಳ್ಳಸಹಿಯನ್ನು ಗೀಟು ಹಾಕಿ ಹೊಡೆದು, ಅದರ ಕೆಳಗೆ ತನ್ನ ಹೆಸರನ್ನು ಬರೆದಳು.

ಎರಡು ದಿನದ ಮೇಲೆ ಮನೆಗೆ ಬಂದರು. ಹಬ್ಬದ ಒಬ್ಬಟ್ಟು ಹಳಸಿಹೋಗಿತ್ತು. ಸುಕನ್ಯ ಅನ್ನ ಸಾರು ಮಾಡಿದಳು. ಹಾಳೆಯ ನಕಲು ಟ್ರಂಕಿನಿಂದ ಹೊರಬಂದು ಬಚ್ಚಲಿನ ಬಾಗಿಲಿಗೆ ಅಂಟಿತ್ತು. ಸುಣ್ಣದ ಡಬ್ಬಿ ಅವ್ವನ ಸೊಂಟ ಬಿಟ್ಟು ಹೊರಗಿನ ಜಗಲಿಯ ಮೊಳೆಗೆ ನೇತುಬಿದ್ದಿತ್ತು. ಸುಣ್ಣವಿಲ್ಲದ ಎಲೆಯನ್ನು ಜಗಿಯುತ್ತ ಅವಳು ಮುಖ ಕಿವುಚಿಕೊಂಡು ಕೂತಿದ್ದಳು.

ನಂದೀಶ ಊಟಕ್ಕೆ ಕೂತ. ನಾಲ್ಕು ತುತ್ತು ಇಳಿಯಿತು. ಡಬ್ಬಿಯೊಳಗೆ ತಣ್ಣನೆಯ ಆ ನುಲಿತ ಎದ್ದಿತು. ಅಸಹ್ಯ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಬಾಯಲ್ಲಿದ್ದ ಅನ್ನ ನಿಂತಿತು. ಕೈ ತಟ್ಟೆಯ ಅಂಚಿಗೆ ಹೋಯಿತು.

“ಅವ್ವ,” ಎಂದ. “ಅಲ್ಲಾಡ್ತಾ ಅದೆ.”

“ಅಲ್ಲಾಡ್ಲಿ,” ಎಂದಳು ಪುಟ್ಟತಾಯಮ್ಮ. “ನೀನು ಉಣ್ಣು.”